ನಮ್ಮದು ಎಂದುಕೊಂಡಿದ್ದ ಕಮಾರೋ

...ಅಥವಾ ‘ಹಲಾಲಕ್’ ಅಲ್ಲ, ‘ಹಲಾಲಿಕ್’ ಎಂದೇ ಹೇಳಿದ್ದಿರಬೇಕು, ಏಕೆಂದರೆ ಕುವೈತಿಗಳು ಆ ಕೊನೆಯ ಅಕ್ಷರಕ್ಕೆ ಇಕಾರ ಕೊಟ್ಟೇ ಮಾತಾಡುವುದು. ಆದರೆ ಉಪ್ಪ, ನನ್ನ ತಂದೆ, ಯಾವಾಗಲೂ ‘ಹಲಾಲಕ್’ ಎನ್ನುತ್ತಿದ್ದರು, ಊರಿನ ಮದ್ರಸದಲ್ಲಿ ಕಲಿತ ಉಚ್ಚಾರದಲ್ಲಿ. ಹಾಗಾಗಿ ನನ್ನ ಕಿವಿಯಲ್ಲಿ ಉಳಿದಿರುವುದು ಹೇಳಿದವನ ದನಿಯಲ್ಲ, ಕೇಳಿಸಿಕೊಂಡವರ ದನಿ. ಆ ಮಾತು ಹುಟ್ಟಿದ ಜಾಗದಲ್ಲಿ ನಾನು ಇರಲೂ ಇಲ್ಲ. ಆದರೂ ನನಗೆ ಎಲ್ಲವೂ ಕಾಣುತ್ತದೆ: ಅರ್ದಿಯಾದ ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡು, ಧೂಳು ಹಿಡಿದ ಟಾರ್ಪಾಲು, ಅದರಡಿಯಲ್ಲಿ ನಾಲ್ಕು ಸಿಮೆಂಟ್ ಕಲ್ಲುಗಳ ಮೇಲೆ ಚಕ್ರಗಳಿಲ್ಲದೆ ಕೂತ ಕಾರು, ಬಾಗಿಲಲ್ಲಿ ಬಿಳಿ ನಿಲುವಂಗಿಯ ಅಂಚನ್ನು ಎಣ್ಣೆ ತಾಗದಂತೆ ಎತ್ತಿ ಹಿಡಿದು ನಿಂತ ಬೂ ನಾಸಿರ್. ಅವನ ಕೈಯಲ್ಲಿ ಕಂದು ಮಣಿಗಳ ಒಂದು ತಸ್ಬೀಹ್ ಕೂಡ ಕಾಣುತ್ತದೆ. ಆ ಜಪಮಣಿಯ ಬಗ್ಗೆ ಉಪ್ಪ ಯಾವತ್ತೂ ಹೇಳಿದವರಲ್ಲ. ಅದನ್ನು ಅವನ ಕೈಗೆ ಕೊಟ್ಟವಳು ನಾನೇ. ಇನ್ನು ಏನೇನು ಕೊಟ್ಟಿದ್ದೇನೋ, ಯಾರಿಗೆ ಗೊತ್ತು.

ಬೂ ನಾಸಿರ್ ಉಪ್ಪನ ಕಫೀಲ್. ಗ್ಯಾರೇಜಿನ ಯಜಮಾನ, ನಮ್ಮ ನಾಲ್ವರ ಇಕಾಮಾಕ್ಕೆ, ಅಲ್ಲಿ ವಾಸಿಸುವ ಪರವಾನಗಿಗೆ, ಸಹಿ ಹಾಕುವವನು. ಶೆಡ್ಡಿನ ಆ ಅಮೆರಿಕನ್ ಕಾರು ಕಮಾರೋವನ್ನು ಅವನು ಮದುವೆಗೆ ಮೊದಲು, ಮೀಸೆ ಕಪ್ಪಾಗಿದ್ದ ಕಾಲದಲ್ಲಿ, ಹೊಸದಾಗಿಯೇ ಕೊಂಡಿದ್ದನಂತೆ. ಕುವೈತ್ ಯುದ್ಧದ ತಿಂಗಳುಗಳಲ್ಲಿ ಯಾರೋ ಅದರ ಸೀಟು, ಚಕ್ರ, ರೇಡಿಯೋ ಎಲ್ಲ ಕಿತ್ತುಕೊಂಡು ಹೋದರು. ಉಳಿದ ದೇಹವನ್ನು ಅವನು ಮುಚ್ಚಿಟ್ಟು ಮರೆತ. ಒಂದು ಶುಕ್ರವಾರ ಉಪ್ಪ ಜ್ಯಾಕ್ ಹುಡುಕುತ್ತಾ ಟಾರ್ಪಾಲು ಎತ್ತಿದರು, ಬಾನೆಟ್ಟಿನ ಮೇಲೆ ಅಂಗೈಯಗಲ ಧೂಳು ಒರೆಸಿದರು, ತಮ್ಮಷ್ಟಕ್ಕೆ “ಮಾಶಾ ಅಲ್ಲಾ” ಅಂದರು. ಹಿಂದಿನಿಂದ ಬೂ ನಾಸಿರ್ ಹೇಳಿದನಂತೆ:

“ಅಲ್ ಹಲಾಲ್ ಹಲಾಲಿಕ್, ಯಾ ಉಸ್ತಾದ್.”

ಉಪ್ಪನ ಅರಬಿ ಗ್ಯಾರೇಜಿನ ಅರಬಿ. ‘ತಾ, ಹಿಡಿ, ಬಿಗಿ ಮಾಡು, ನಾಳೆ’ ಇಷ್ಟರಲ್ಲಿ ಹದಿನೈದು ವರ್ಷ ದಾಟಿಸಿದವರು. ಆ ವಾಕ್ಯದಲ್ಲಿ ಅವರಿಗೆ ಅರ್ಥವಾದದ್ದು ಎರಡು ಶಬ್ದ. ಒಂದು, ಉಸ್ತಾದ್. ಅಲ್ಲಿ ಒಳ್ಳೆಯ ಮೆಕ್ಯಾನಿಕನನ್ನು ಹಾಗೆ ಕರೆಯುತ್ತಾರೆ, ನಮ್ಮಲ್ಲಿ ಮಾತ್ರ ಉಸ್ತಾದ್ ಎಂದರೆ ಮದ್ರಸದಲ್ಲಿ ಓದಿಸುವವರು. ಗ್ರೀಸ್ ಮೆತ್ತಿದ ಗಂಡನನ್ನು ಹಾಗೆ ಕರೆಯುವುದು ಕೇಳಿ ಉಮ್ಮ ನಗುತ್ತಿದ್ದಳು. ಇನ್ನೊಂದು ಶಬ್ದ, ‘ನಿನಗೆ ಹಲಾಲ್’ ಎನ್ನುವ ಹಲಾಲಿಕ್, ನಗುವಂಥದ್ದಾಗಿರಲಿಲ್ಲ. ಬ್ಯಾರಿಗಳ ಮನೆಯಲ್ಲಿ ಹಲಾಲ್ ಎಂಬುದನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ತಿನ್ನುವ ಮಾಂಸಕ್ಕೆ, ದುಡಿದ ಸಂಬಳಕ್ಕೆ, ನಿಕಾಹ್ ಆದ ಹೆಂಡತಿಗೆ ಹೇಳುವ ಮಾತು ಅದು. ಪಡೆದವನಿಗೆ ಹಕ್ಕಾಗಿದೆ, ದೇವರೆದುರು ಯಾರೂ ಪ್ರಶ್ನಿಸುವಂತಿಲ್ಲ ಎಂದು ಅರ್ಥ. ಉಪ್ಪ ಆ ದಿನ ಮನೆಗೆ ಬಂದು ಊಟಕ್ಕೆ ಕೂತದ್ದನ್ನು ನಾನು ನೋಡಿದ್ದೇನೆ, ಇದು ನನ್ನದೇ ನೆನಪು ಎಂದು ನಂಬಿದ್ದೇನೆ.

“ಕಾರು ಸಿಕ್ಕಿತು.”

“ಯಾರ ಕಾರು?” ಉಮ್ಮ ಮೀನು ಬಡಿಸುತ್ತಿದ್ದಳು.

“ನಮ್ಮದು.”

“ನಮ್ಮದು ಎಂತ ನಮ್ಮದು? ಚಕ್ರ ಉಂಟಾ?”

“ಇಲ್ಲ.”

“ಸೀಟು?”

“ಇಲ್ಲ.”

“ಇಂಜಿನ್ ಆದ್ರೂ ಉಂಟಾ ಮಾರಾಯ್ರೇ?”

“ಉಂಟು. ತಿರುಗುದಿಲ್ಲ.”

“ಒಳ್ಳೇದೇ ಆಯ್ತು. ನಮಗೂ ಎಲ್ಲಿಗೂ ಹೋಗ್ಲಿಕ್ಕಿಲ್ಲ.”

ಮನೆಯಲ್ಲಿ ನಾವು ಆಡುತ್ತಿದ್ದುದು ಬ್ಯಾರಿ ಭಾಷೆ. ಇಲ್ಲಿ ಅದನ್ನು ಕನ್ನಡ ಮಾಡುತ್ತಿದ್ದೇನೆ. ಅಂದರೆ ಉಮ್ಮ ಈ ಶಬ್ದಗಳಲ್ಲಿ ಒಂದನ್ನೂ ಹೀಗೆ ಆಡಿದವಳಲ್ಲ. ಆದರೆ ಮಾತಿನ ಉಪ್ಪುಖಾರ ಇಷ್ಟೇ ಇತ್ತು. ‘ದಫ್ತರ್’ ಎಂಬ ಶಬ್ದವನ್ನು ಮಾತ್ರ ಅವಳು ಹಾಗೆಯೇ ಬಳಸಿದಳು. ಕಾರು ಯಾರದೆಂದು ಬರೆದಿರುವ ಸರಕಾರಿ ಪುಸ್ತಕಕ್ಕೆ ಅಲ್ಲಿ ಎಲ್ಲರೂ ಹೇಳುವುದು ಹಾಗೆ.

“ದಫ್ತರ್ ಯಾರ ಹೆಸ್ರಲ್ಲಿ ಉಂಟು?”

“ಅವನ ಹೆಸ್ರಲ್ಲಿ. ಬದಲಾಗ್ತದೆ.”

“ಯಾವಾಗ?”

“ಜುಮಾ ನಮಾಜ್ ಮುಗಿಸಿ ಬಂದು ಒಬ್ಬ ಮುಸಲ್ಮಾನ ಬಾಯಿಬಿಟ್ಟು ಹಲಾಲ್ ಅಂತ ಹೇಳಿದ್ದಾನೆ. ಅವನ ಹತ್ರ ಹೋಗಿ ಕಾಗದ ಕೊಡು ಅಂತ ಕೇಳುದಾ? ಅವನಿಗೆ ಎಷ್ಟು ಬೇಜಾರಾಗ್ಲಿಕ್ಕಿಲ್ಲ!”

ಉಪ್ಪ ಕೇಳಲಿಲ್ಲ. ಆ ದಿನ ಕೇಳಲಿಲ್ಲ, ಮತ್ತೆ ಯಾವ ದಿನವೂ ಕೇಳಲಿಲ್ಲ. ಕೇಳಿದರೆ ಮಾತಿಗೆ ಅವಮಾನ ಎಂಬುದು ಅವರ ಲೆಕ್ಕ.

ಕುವೈತಿನ ರಿಗ್ಗೈಯಲ್ಲಿ ನಮ್ಮದು ಮೂರನೇ ಮಾಳಿಗೆಯ ಅರ್ಧ ಮನೆ. ಇನ್ನರ್ಧದಲ್ಲಿ ಲೀನಾ ಆಂಟಿ ಇದ್ದರು, ಮಂಗಳೂರಿನ ಕೊಂಕಣಿಯವರು, ಯಾವುದೋ ಆಫೀಸಿನಲ್ಲಿ ಟೈಪಿಸ್ಟ್. ಅವರ ಗಂಡ ಅಹ್ಮದಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದುದರಿಂದ ಮನೆಯಲ್ಲಿ ಅವರನ್ನು ಕಂಡದ್ದಕ್ಕಿಂತ ಅವರ ಶೂ ಕಂಡದ್ದೇ ಹೆಚ್ಚು. ಎರಡು ಸಂಸಾರಕ್ಕೆ ಒಂದು ಅಡುಗೆಮನೆ, ಒಂದು ಬಾತ್‌ರೂಮು. ಬಾತ್‌ರೂಮಿನಲ್ಲಿ ಯಾರೂ ಮಲಗಿ ಸ್ನಾನ ಮಾಡದ ಒಂದು ಬಿಳಿ ತೊಟ್ಟಿ. ಆ ತೊಟ್ಟಿಯನ್ನು ಕಮಾರೋ ಆಕ್ರಮಿಸಿತು. ತುಕ್ಕು ಹಿಡಿದ ಬೋಲ್ಟು, ಬ್ರಾಕೆಟ್ಟು, ಬಾಗಿಲ ಹಿಂಜುಗಳನ್ನು ಉಪ್ಪ ಒಂದೊಂದಾಗಿ ಗ್ಯಾರೇಜಿನಿಂದ ತಂದು ಅದರಲ್ಲಿ ವಿನೆಗರ್ ಸುರಿದು ನೆನೆಹಾಕುತ್ತಿದ್ದರು. ಅಲ್ಲಿ ಇಟ್ಟರೆ ಬೇರೆ ಗಾಡಿಗಳ ಸಾಮಾನಿನ ಜೊತೆ ಸೇರಿಹೋಗುತ್ತದೆ ಎಂಬುದು ನೆಪ. ನಿಜ ಕಾರಣ ಅವು ಕಣ್ಣೆದುರು ಇರಬೇಕು ಎಂಬ ಆಸೆ ಇರಬಹುದು. ಮೂರು ದಿನಕ್ಕೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಇಡೀ ಮನೆಗೆ ಹುಳಿ ವಾಸನೆ. ನಾವು ತೊಟ್ಟಿಯ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು, ಬೋಲ್ಟುಗಳಿಗೆ ಸೋಪಿನ ನೀರು ಹಾರದಂತೆ, ಗೋಡೆಗೆ ಅಂಟಿ ನಿಂತು ಮೀಯುತ್ತಿದ್ದೆವು. ಲೀನಾ ಆಂಟಿಗೆ ಕಮಾರೋ ಎಂಬ ಹೆಸರು ಬಾಯಿಗೆ ಬರಲಿಲ್ಲವೋ, ಬಂದರೂ ಬೇಡವೆಂದರೋ, ಅವರು ಅದನ್ನು ಕುಮಾರ ಎಂದು ಕರೆದರು.

“ಜೋಹರಾ, ನಿನ್ನ ಕುಮಾರ ಇನ್ನೂ ಸ್ನಾನಕ್ಕೆ ಕೂತಿದ್ದಾನಾ? ನಂಗೆ ಆಫೀಸಿಗೆ ಹೋಗ್ಲಿಕ್ಕುಂಟು.”

“ಅವನ ಉಪ್ಪನ ಹತ್ರ ಕೇಳಿ. ನಾನು ಹೆತ್ತದ್ದಲ್ಲ,” ಉಮ್ಮ ಅಡುಗೆಮನೆಯಿಂದ ಕೂಗುವಳು.

ನನ್ನ ತಮ್ಮ ರಫೀಕ್ ಹೇಳುವುದು ಬೇರೆ. ಅವನು ಈಗಲೂ ಕುವೈತಿನಲ್ಲಿದ್ದಾನೆ, ಫೋನಿನಲ್ಲಿ ನಾನು ಬ್ಯಾರಿಯಲ್ಲಿ ಕೇಳಿದ್ದಕ್ಕೆ ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. “ಡೋಂಟ್ ಎಗ್ಸಾಜರೇಟ್ ದೀದಿ, ತೊಟ್ಟಿಯಲ್ಲಿ ಇದ್ದದ್ದು ಒಂದು ವಾರ ಮಾತ್ರ.” ನನಗೆ ಅದು ಮೂರು ವರ್ಷ. ಕಾರಿನ ಬಣ್ಣ ಕೆಂಪು ಎಂದು ನಾನು, ಕಿತ್ತಳೆ ಎಂದು ಅವನು. ಫೋಟೋ ಒಂದಿದೆ, ಆದರೆ ಫೋಟೋದಲ್ಲಿ ಎಲ್ಲದಕ್ಕೂ, ನಮ್ಮ ಮುಖಗಳಿಗೂ, ಅದೇ ಬಣ್ಣ ಹತ್ತಿದೆ. ನಮ್ಮಿಬ್ಬರಿಗೂ ಜಗಳವಿಲ್ಲದೆ ನೆನಪಿರುವುದು ಒಂದೇ: ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು. ಇಂಜಿನಿನ ಎಂಟು ಸಿಲಿಂಡರುಗಳಿಗೆ ಕಿಡಿ ಬೀಳುವ ಕ್ರಮ ಅದು. ಉಪ್ಪ ಊಟದ ಹೊತ್ತಿಗೆ ಖುಬ್ಬೂಸ್ ರೊಟ್ಟಿಯನ್ನು ಎಂಟು ಚೂರು ಮಾಡಿ ನೆಲಕ್ಕೆ ಹಾಸಿದ ಊಟದ ಸುಪ್ರದ ಮೇಲೆ ಎರಡು ಸಾಲಿನಲ್ಲಿ ಇಡುವರು. ಎಡ ಸಾಲು ಬೆಸ, ಬಲ ಸಾಲು ಸಮ. ಅವರು ಹೇಳಿದ ಕ್ರಮದಲ್ಲೇ ನಾವು ತಿನ್ನಬೇಕು. ತಪ್ಪಿದರೆ “ಮಿಸ್ಸಿಂಗ್ ಹೊಡೀತು” ಎಂದು ಚೂರು ವಾಪಸು. ಶಾಲೆಯಲ್ಲಿ ನನಗೆ ಮಗ್ಗಿ ಬರುತ್ತಿರಲಿಲ್ಲ, ಇದು ಬರುತ್ತಿತ್ತು. ಈಗಲೂ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುವಾಗ ನಾನು ಹೀಗೆಯೇ ಎಣಿಸುವುದು.

ಎಷ್ಟೋ ಶುಕ್ರವಾರಗಳು. ಜುಮಾ ಮುಗಿಸಿ ನಾವು ಡಬ್ಬಿಯಲ್ಲಿ ನೈಚೋರು, ತುಪ್ಪದನ್ನ, ತುಂಬಿಕೊಂಡು ಅರ್ದಿಯಾಕ್ಕೆ ಹೋಗುತ್ತಿದ್ದೆವು. ಹಳೇ ಗಾಡಿಗಳ ಗುಜರಿ ಅಂಗಡಿಗಳಲ್ಲಿ ಉಪ್ಪ ಒಂದು ಬಾಗಿಲ ಹಿಡಿಗಾಗಿ ಅರ್ಧ ದಿನ ಅಲೆಯುವರು. ಸಿಕ್ಕಿದರೆ ಅದನ್ನು ಅಂಗಿಯ ತುದಿಯಿಂದ ಒರೆಸಿ ಉಮ್ಮನ ಮಡಿಲಿಗೆ ಹಾಕುವರು, ಬೇರೆಯವರು ಮಲ್ಲಿಗೆ ಹಾಕುವ ಹಾಗೆ. ದೇಹದ ತಗಡು ಕೆಲಸ, ಪುಟ್ಟಿ, ಪೇಂಟು ಎಲ್ಲ ಅವರದೇ. ಪುಟ್ಟಿ ಹಾಕಿದ ಮೇಲೆ ಅವರು ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ನೋಡುವರು. ಕಣ್ಣಿಗೆ ಕಾಣದ ಉಬ್ಬುತಗ್ಗು ಕೈಗೆ ಸಿಗುತ್ತದಂತೆ. ನನ್ನ ಕೈಯನ್ನೂ ಹಿಡಿದು ಸವರಿಸಿದರು. “ಎಂತ ಸಿಕ್ತು?” ಎಂದರು. ನನಗೆ ಏನೂ ಸಿಗಲಿಲ್ಲ. “ಇಲ್ಲಿ ಉಂಟು,” ಎಂದೆ. ಅವರು ಅಲ್ಲಿ ಮತ್ತೆ ಉಜ್ಜಿದರು. ಇಲ್ಲದ ಉಬ್ಬನ್ನು ಇದೆ ಎಂದು ನಾನು ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಇರುವುದನ್ನು ಇಲ್ಲ ಎಂದ ದೊಡ್ಡ ಸುಳ್ಳು ಆಮೇಲೆ ಬಂತು.

ಸೀಟು ಹೊಲಿದವಳು ಉಮ್ಮ. ಅವಳು ಕಟ್ಟಡದ ಹೆಂಗಸರಿಗೆ ರವಿಕೆ, ಮಕ್ಸಿ ಹೊಲಿಯುತ್ತಿದ್ದಳು. ಉಪ್ಪ ಕರಿ ರೆಕ್ಸಿನ್ ತಂದು ಹಾಸಿದಾಗ “ನನ್ನ ಮಿಷನ್ ಮುರಿದ್ರೆ ನೀವು ಕೊಡ್ತೀರಾ?” ಎಂದು ಹಾರಾಡಿದಳು. ಮರುದಿನವೇ ದಪ್ಪ ಸೂಜಿ ತರಿಸಿದಳು. ಉದ್ದುದ್ದ ಗೆರೆಗಳ ಹೊಲಿಗೆ, ಎರಡು ಗೆರೆಗಳ ನಡುವೆ ಸ್ಪಂಜು ಉಬ್ಬಿಕೊಳ್ಳಬೇಕು. ಅವಳು ಹಿಂದಿನ ಸೀಟಿನ ಗೆರೆಗಳನ್ನು ಹೊಲಿಯುತ್ತಿದ್ದ ಒಂದು ಸಂಜೆ ಲೀನಾ ಆಂಟಿ ಆಫೀಸಿನಿಂದ ಬಂದು, ಬ್ಯಾಗ್ ಇನ್ನೂ ಹೆಗಲಲ್ಲೇ ಇರುವಾಗ, ಬಾಗಿಲಿಗೆ ಒರಗಿ ನಿಂತರು. ನಾನು ನೆಲದಲ್ಲಿ ಕೂತು ರೆಕ್ಸಿನ್ ಜಾರದಂತೆ ಹಿಡಿದಿದ್ದೆ.

“ಚಂದ ಆಗಿದೆ ಮಾರಾಯ್ತಿ. ನಿಮ್ಮ ಯಜಮಾನ ಎಷ್ಟು ಕೊಡ್ತಾನೆ ಇದಕ್ಕೆಲ್ಲ?”

“ಅವನು ಯಾಕೆ ಕೊಡುದು? ಕಾರು ನಮ್ಮದಲ್ವಾ.”

“ನಿಮ್ಮದಾ? ಯಾವಾಗ ಕೊಟ್ಟ?”

ಉಮ್ಮ ಹೇಳಿದಳು. ಟಾರ್ಪಾಲು, ಜುಮಾ, ಮಾಶಾ ಅಲ್ಲಾ, ಹಲಾಲಕ್. ಲೀನಾ ಆಂಟಿ ಮೊದಲು ನಕ್ಕರು. ಆಮೇಲೆ ಉಮ್ಮನ ಮುಖ ನೋಡಿ ನಗು ನಿಲ್ಲಿಸಿ ಒಳಗೆ ಬಂದು ಕೂತರು.

“ಜೋಹರಾ, ಅದು ಅವರು ಹೇಳುವ ಮಾತು. ಯಾರಾದ್ರೂ ಏನಾದ್ರೂ ಚಂದ ಉಂಟು ಅಂದ್ರೆ ಹಾಗೇ ಹೇಳುದು. ನಾನು ನಮ್ಮ ಮ್ಯಾನೇಜರ್‌ನ ಹತ್ರ ಪೆನ್ನು ಚಂದ ಉಂಟು ಸರ್ ಅಂದೆ. ಹಲಾಲಿಚ್ ಅಂದ. ಹೆಂಗಸರಿಗೆ ‘ಇಚ್’ ಅಂತ. ವಾಚು ಚಂದ ಉಂಟು ಅಂದ್ರೂ ಹಲಾಲಿಚ್, ಹೊಸ ಮನೆಯ ಫೋಟೋ ತೋರಿಸಿದ್ರೂ ಹಲಾಲಿಚ್. ಹಾಗೆ ನೋಡಿದ್ರೆ ಅವನ ಪೆನ್ನು, ವಾಚು, ಮನೆ ಎಲ್ಲ ನಂದೇ. ಮತ್ತೆ ನಾನ್ಯಾಕೆ ಇಲ್ಲಿ ಬಾತ್‌ರೂಮಿಗೆ ನಿನ್ನ ಜೊತೆ ಲೈನ್ ನಿಲ್ತೇನೆ ಹೇಳು?”

ಉಮ್ಮ ರೆಕ್ಸಿನ್ನಿನ ಅಂಚು ಎಳೆದು ನೇರ ಮಾಡಿದಳು.

“ನಾವು ಊರಲ್ಲಿ ‘ನಿಮ್ಮದೇ ಮನೆ, ಬನ್ನಿ’ ಅಂತ ಹೇಳುದಿಲ್ವಾ? ಬಂದವರು ಬೀಗ ಹಾಕಿಕೊಂಡು ಹೋಗ್ತಾರಾ? ಅಷ್ಟೇ ಅದು.”

ಮಿಷನ್ನಿನ ಚಕ್ರದ ಮೇಲೆ ಉಮ್ಮನ ಕೈ ನಿಂತಿತ್ತು. ಎಷ್ಟು ಹೊತ್ತು ನಿಂತಿತ್ತೆಂದು ಹೇಳಲಾರೆ. ಇಂಥ ಕಡೆಗಳಲ್ಲಿ ನೆನಪು ಹೊತ್ತನ್ನು ಎಳೆಯುತ್ತದೆ. ಲೀನಾ ಆಂಟಿ ತಮ್ಮ ಕೋಣೆಗೆ ಹೋದ ಮೇಲೆ ಅವಳು ನನ್ನನ್ನು ನೋಡಿದಳು.

“ನೀನು ಎಂತದೂ ಕೇಳ್ಲಿಲ್ಲ.”

“ಇಲ್ಲ,” ಎಂದೆ.

“ಸರಿ ಹಿಡಿ. ಗೆರೆ ಸೊಟ್ಟ ಆಗ್ತದೆ.”

ಅವಳು ಹೊಲಿಗೆ ಮುಂದುವರಿಸಿದಳು. ನನಗಾಗ ಹನ್ನೊಂದೋ ಹನ್ನೆರಡೋ. ಇವತ್ತು ನಾನು ಯಾರ ಮಾತನ್ನೂ ಅದರ ಮುಖಬೆಲೆಗೆ ತೆಗೆದುಕೊಳ್ಳದ, ಗೊತ್ತಿದ್ದದ್ದನ್ನು ಗಂಟಲಲ್ಲೇ ಇಟ್ಟುಕೊಂಡು ನಗುತ್ತಾ ಕೂರಬಲ್ಲ ಹೆಂಗಸು ಆಗಿದ್ದರೆ, ಅವಳು ಹುಟ್ಟಿದ್ದು ಆ ರೆಕ್ಸಿನ್ ಹಿಡಿದ ಎರಡು ಕೈಗಳ ನಡುವೆ ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಒಂದು ಸಂಜೆಯಲ್ಲಿ ಯಾರೂ ಹುಟ್ಟುವುದಿಲ್ಲ. ಆಮೇಲಿನ ದಿನಗಳೇ ಹೆಚ್ಚು ಕೆಲಸ ಮಾಡಿದವು. ಉಪ್ಪ ಊಟಕ್ಕೆ ಕೂತು “ದಫ್ತರ್ ಬದಲಾದ ಮೇಲೆ ನಿಮ್ಮನ್ನು ಗಡಿಯವರೆಗೆ ಕರ್ಕೊಂಡು ಹೋಗ್ತೇನೆ” ಎನ್ನುವಾಗ ಉಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ಅನ್ನ ಕಲಸುತ್ತಿದ್ದೆವಲ್ಲ, ಅಂಥ ದಿನಗಳು. ಉಮ್ಮ ಯಾಕೆ ಹೇಳಲಿಲ್ಲ? ಕಾರು ಮುಗಿಯಲಿ ಎಂದೇ? ಆ ದೇಶದಲ್ಲಿ ಉಪ್ಪನಿಗೆ ತನ್ನದು ಎಂದು ಹೇಳಿಕೊಳ್ಳಲು ಬೇರೇನೂ ಇರಲಿಲ್ಲ. ಮನೆ ಬಾಡಿಗೆಯದು, ಇಕಾಮಾ ಕಫೀಲನ ಸಹಿಯದು, ಹಾಸಿಗೆ ಕೂಡ ಬಿಟ್ಟುಹೋದ ಬಾಡಿಗೆದಾರನದು. ಅವಳಿಗೆ ನಾಲಿಗೆ ಏಳಲಿಲ್ಲ ಎಂದುಕೊಳ್ಳುತ್ತೇನೆ. ಇದು ಊಹೆ.

ಕಾರು ಎದ್ದಿತು. ನಾಲ್ಕು ತಿಂಗಳು, ಒಂದು ಚಳಿಗಾಲ, ಅದು ನಮ್ಮ ಜೊತೆ ಇತ್ತು. ಬೂ ನಾಸಿರ್ ತಾನೇ ತಪಾಸಣೆ ಮಾಡಿಸಿ ಹೊಸ ನಂಬರ್ ಪ್ಲೇಟ್ ಹಾಕಿಸಿ ಕೊಟ್ಟ. “ಓಡಿಸು ಉಸ್ತಾದ್, ನಿಂತರೆ ಹಾಳಾಗ್ತದೆ,” ಎಂದನಂತೆ. ಉಪ್ಪನಿಗೆ ಅದು ಇನ್ನೊಂದು ಸಾಕ್ಷಿ. ಕಟ್ಟಡದ ಕೆಳಗಿನ ಮರಳು ಜಾಗದಲ್ಲಿ ಅದು ನಿಂತರೆ ಮೂರನೇ ಮಾಳಿಗೆಯ ಕಿಟಕಿಯಿಂದ ಬಾನೆಟ್ ಮಾತ್ರ ಕಾಣುತ್ತಿತ್ತು. ಸ್ಟಾರ್ಟ್ ಮಾಡಿದರೆ ಲೀನಾ ಆಂಟಿಯ ಷೋಕೇಸಿನ ಗಾಜುಗಳು ಸಣ್ಣಗೆ ನಡುಗುತ್ತಿದ್ದವು. “ಕುಮಾರ ಎದ್ದ” ಎಂದು ಅವರು ಗೋಡೆಯಾಚೆಯಿಂದ ಹೇಳುವರು. ಗುರುವಾರ ಸಂಜೆ ಉಪ್ಪ ಇಸ್ತ್ರಿ ಹಾಕಿದ ಅಂಗಿ ಹಾಕುವರು, ಉಗುರಿನ ಕರಿಯನ್ನು ನಿಂಬೆಹೋಳಿನಿಂದ ಉಜ್ಜುವರು, ನಾವು ಸಮುದ್ರದ ರಸ್ತೆಗೆ ಹೋಗುವೆವು. ಎರಡೇ ಬಾಗಿಲು, ಹಿಂದಿನ ಸೀಟಿಗೆ ನಾನೂ ರಫೀಕನೂ ಮಡಚಿಕೊಂಡು ನುಗ್ಗಬೇಕು, ಕಿಟಕಿ ಅರ್ಧ ಮಾತ್ರ ಇಳಿಯುತ್ತದೆ. ಆದರೂ ಆ ಗುಡುಗು ಬೆನ್ನಿನ ಎಲುಬಿನಿಂದ ಹತ್ತಿ ಹಲ್ಲಿಗೆ ಬರುವಾಗ ನನಗೆ ಗೊತ್ತಿದ್ದದ್ದೆಲ್ಲ ಮರೆತುಹೋಗುತ್ತಿತ್ತು. ಸಿಗ್ನಲಿನಲ್ಲಿ ಹೊಸ ಹೊಸ ಗಾಡಿಗಳ ಕುವೈತಿ ಯುವಕರು ಗಾಜು ಇಳಿಸಿ ಹೆಬ್ಬೆರಳು ಎತ್ತುವರು. ಉಪ್ಪ ತಲೆ ಅಲ್ಲಾಡಿಸಿ, ಏನೂ ಆಗದವರ ಹಾಗೆ ಮುಂದೆ ನೋಡುವರು. ಒಮ್ಮೆ ಒಬ್ಬ “ಯಾರದು ಗಾಡಿ?” ಎಂದು ಕೇಳಿದ. ಉಪ್ಪ ತಮ್ಮ ಎದೆ ಮುಟ್ಟಿ ತೋರಿಸಿದರು. ಉಮ್ಮ ಆಗ ಸಮುದ್ರದ ಕಡೆ ಮುಖ ಮಾಡಿದಳು. ಅಥವಾ ಅವಳು ಮೊದಲಿನಿಂದಲೂ ಆ ಕಡೆಗೇ ನೋಡುತ್ತಿದ್ದಳೇನೋ.

ಬಿಸಿಲು ಏರಿದ ಹಾಗೆ ಗಾಡಿ ನಡುದಾರಿಯಲ್ಲಿ ನಿಲ್ಲತೊಡಗಿತು. ಆ ಸೆಖೆಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಕಾರ್ಬುರೇಟರಿಗೆ ತಲುಪುತ್ತಿರಲಿಲ್ಲ. ಗುಜರಿ ಅಂಗಡಿಯ ಒಬ್ಬ ಮುದುಕ ಪಠಾಣ್ ಹೇಳಿಕೊಟ್ಟನೆಂದು ಉಪ್ಪ ಉಮ್ಮನ ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳನ್ನು ಬಾಲ್ಕನಿಯಿಂದ ಎತ್ತಿಕೊಂಡು ಹೋಗಿ ಪೆಟ್ರೋಲ್ ಪೈಪಿನ ಉದ್ದಕ್ಕೂ ಸಿಕ್ಕಿಸಿದರು. ಮರ ಬಿಸಿಯನ್ನು ಹೀರುತ್ತದೋ ಅಥವಾ ಅದು ನಂಬಿಕೆಯೋ, ಗಾಡಿ ಮತ್ತೆ ನಿಲ್ಲಲಿಲ್ಲ. ನಮ್ಮ ಬಟ್ಟೆಗಳು ಮಾತ್ರ ಗಾಳಿಗೆ ಪಕ್ಕದ ಕಟ್ಟಡಕ್ಕೆ ಹಾರಿದವು. “ಇನ್ನು ನನ್ನ ತಲೆಯ ಕ್ಲಿಪ್ ಒಂದು ಬಾಕಿ ಉಂಟು,” ಎಂದಳು ಉಮ್ಮ.

ಆ ಬೇಸಗೆಯ ಮೊದಲಲ್ಲಿ ಬೂ ನಾಸಿರ್ ನಮ್ಮ ಮನೆಗೆ ಬಂದ. ಮೊದಲ ಸಲ, ಕೊನೆಯ ಸಲವೂ. ಜೊತೆಗೆ ಮಗ ನಾಸಿರ್, ಅಮೆರಿಕಾದಲ್ಲಿ ಓದು ಮುಗಿಸಿ ಆ ವಾರ ತಾನೇ ಬಂದಿದ್ದವನು. ಒಂದು ದೊಡ್ಡ ಡಬ್ಬಿ ಖರ್ಜೂರ ತಂದಿದ್ದರು. ಬೂ ನಾಸಿರ್ ಕೆಟ್ಟವನಲ್ಲ, ಇದನ್ನು ಬರೆಯದೆ ಬಿಡಲಾರೆ. ರಫೀಕನಿಗೆ ಕಾಮಾಲೆಯಾದಾಗ ತಾನೇ ಆಸ್ಪತ್ರೆಗೆ ಬಂದು ಕೂತವನು, ಉಮ್ಮನ ವೀಸಾಕ್ಕೆ ಎರಡು ದಿನ ಕಚೇರಿ ಅಲೆದವನು. ಅವನು ಕೆಟ್ಟವನಾಗಿದ್ದರೆ ಈ ಅಧ್ಯಾಯ ಸುಲಭವಾಗುತ್ತಿತ್ತು. ಗಂಡಸರು ಮುಂದಿನ ಕೋಣೆಯಲ್ಲಿ, ಉಮ್ಮನೂ ನಾನೂ ಅಡುಗೆಮನೆಯ ಪರದೆಯ ಹಿಂದೆ. ರಫೀಕ್ ಹಾಲಿಲ್ಲದ ಸುಲೈಮಾನಿ ಚಹಾ ಕೊಂಡುಹೋದ. ಬೂ ನಾಸಿರ್ ಅರಬಿಯಲ್ಲಿ ಶುರು ಮಾಡಿ, ಉಪ್ಪನಿಗೆ ತಿಳಿಯಲೆಂದು ನಡುನಡುವೆ ಮುರುಕು ಹಿಂದಿಗೆ ಬರುತ್ತಿದ್ದ.

“ಉಸ್ತಾದ್, ನಿನ್ನ ಕೈ ಚಿನ್ನ. ನಾಸಿರ್ ಅಮೆರಿಕಾದಲ್ಲಿ ಇಂಥ ಗಾಡಿ ಹುಡುಕಿದ, ಹುಡುಕಿದ. ಒಳ್ಳೇದು ಸಿಗಲಿಲ್ಲ. ನಾನು ಹೇಳಿದೆ, ಹುಚ್ಚಾ, ಗಾಡಿ ಮನೆಯಲ್ಲೇ ಉಂಟು, ನಮ್ಮ ಉಸ್ತಾದ್ ತಯಾರು ಮಾಡಿದ್ದಾನೆ.”

ಮನೆಯಲ್ಲೇ. ಅವನು ಏನನ್ನೂ ಕಸಿದುಕೊಳ್ಳಲು ಬಂದಿರಲಿಲ್ಲ. ತನ್ನ ಗಾಡಿಯನ್ನು ಮಗನಿಗೆ ತೋರಿಸಿ ಕೊಂಡುಹೋಗಲು ಬಂದಿದ್ದ, ಮಾಡಿದವನಿಗೆ ಮರ್ಯಾದೆ ಕೊಟ್ಟು. ಉಮ್ಮ ಒಲೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದಳು. ಒಳಗೆ ಏನೂ ಇರಲಿಲ್ಲ.

“ಬ್ಯೂಟಿಫುಲ್ ಕಾರ್, ಅಂಕಲ್,” ಎಂದ ನಾಸಿರ್.

ಚಹಾ ಲೋಟ ಕೆಳಗಿಟ್ಟ ಸದ್ದು. ಆಮೇಲೆ ಉಪ್ಪ ಮಾತಾಡಿದರು. ಪರದೆಯ ಹಿಂದಿನಿಂದ ನಾನು ಕೇಳಿದ್ದು ಒಂದೇ ಶಬ್ದ:

“ಹಲಾಲಿಕ್.”

ಹೌದು, ಇಕಾರ ಕೊಟ್ಟು, ಕುವೈತಿಗಳು ಹೇಳುವ ಹಾಗೆ. ಒಂದು ವಸ್ತುವಿನ ಒಡೆಯ, ಅದನ್ನು ಹೊಗಳಿದವನಿಗೆ ಹೇಳುವ ಮರ್ಯಾದೆಯ ಮಾತು. ಹೇಳಿದ ಮೇಲೆ ಎದುರಿನವನು ‘ಬೇಡ, ನಿನ್ನದು ನಿನಗಿರಲಿ’ ಎನ್ನಬೇಕು. ನಾಸಿರ್ “ಥ್ಯಾಂಕ್ಯೂ ಅಂಕಲ್” ಎಂದ. ಬೂ ನಾಸಿರ್ ಜೋರಾಗಿ ನಕ್ಕು ಉಪ್ಪನ ಭುಜ ತಟ್ಟಿದ ಸದ್ದೂ ಕೇಳಿಸಿತು.

ರಫೀಕ್ ಇದನ್ನು ಒಪ್ಪುವುದಿಲ್ಲ. ಅವನು ಚಹಾ ತಟ್ಟೆ ಹಿಡಿದು ಕೋಣೆಯೊಳಗೇ ಇದ್ದವನು. “ಹಿ ಸೆಡ್ ನಥಿಂಗ್. ಎದ್ದು ಗೋಡೆಯ ಮೊಳೆಯಿಂದ ಕೀ ತೆಗೆದು ಕೊಟ್ಟರು, ಅಷ್ಟೇ. ನೀನು ಅಡುಗೆಮನೆಯಲ್ಲಿ ಕೂತು ಡೈಲಾಗ್ ಬರೆದಿದ್ದಿ.” ಇರಬಹುದು. ಕಂಡವನು ಅವನು, ಕೇಳಿದವಳು ನಾನು. ಆ ಕೋಣೆಯಲ್ಲಿ ಕಣ್ಣಿಗೂ ಕಿವಿಗೂ ಹೊಂದಾಣಿಕೆ ಆಗಲೇ ಇಲ್ಲ.

ಮುಂದಿನದು ಇಬ್ಬರಿಗೂ ಒಂದೇ. ಕೆಳಗೆ ನಾಸಿರ್ ಕೀ ತಿರುಗಿಸಿದ, ಗಾಡಿ ಏಳಲಿಲ್ಲ. ಆಕ್ಸಿಲರೇಟರ್ ಒತ್ತಿ ಒತ್ತಿ ಕಾರ್ಬುರೇಟರಿಗೆ ಪೆಟ್ರೋಲು ತುಂಬಿಸಿದ. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಗಾಡಿ ಏಳದಿರಲಿ ಎಂದು ನಾನು ಬೇಡಿಕೊಂಡೆ, ಹನ್ನೆರಡು ವರ್ಷದವಳ ಎಲ್ಲ ಶಕ್ತಿ ಹಾಕಿ. ಉಪ್ಪ ಒಳಗೆ ಬಾಗಿ ತೋರಿಸಿಕೊಟ್ಟರು: ಪೆಡಲನ್ನು ನೆಲದ ತನಕ ಒತ್ತಿ ಹಿಡಿ, ಬಿಡಬೇಡ, ಈಗ ತಿರುಗಿಸು. ಅದು ಎದ್ದಿತು. ಲೀನಾ ಆಂಟಿಯ ಗಾಜುಗಳು ನಡುಗಿದವು, ಆದರೆ ಗೋಡೆಯಾಚೆಯಿಂದ ಮಾತು ಬರಲಿಲ್ಲ. ಹೊರಡುವ ಮುಂಚೆ ನಾಸಿರ್ ಬಾನೆಟ್ ಎತ್ತಿ ನೋಡಿ ನಕ್ಕ. ಪೈಪಿನ ಮರದ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಉಪ್ಪನ ಕೈಗೆ ಹಾಕಿದ. ಉಪ್ಪ ಅವನಿಗೆ ಏನೋ ವಿವರಿಸಲು ನೋಡಿದರು, ಅವನಾಗಲೇ ಬಾಗಿಲು ಹಾಕಿದ್ದ. ಅವರು ಮೇಲೆ ಬಂದಾಗ ಅಂಗಿಯ ಜೇಬು ಉಬ್ಬಿತ್ತು. “ತಗೋ, ನಿನ್ನದು,” ಎಂದು ಉಮ್ಮನ ಕೈಗೆ ಸುರಿದರು. ಆಮೇಲೆ ಊಟ ಕೇಳಿದರು. ಎರಡು ತಾಸಿನ ಮೇಲೆ ಫೋನ್ ಬಂತು, ಗಾಡಿ ದಾರಿಯಲ್ಲಿ ನಿಂತಿದೆ, ಉಸ್ತಾದ್ ಬರಬೇಕು ಎಂದು. ಹೋದರು.

ಆಮೇಲೆ ಒಂಬತ್ತು ವರ್ಷ ಅವರು ಅದೇ ಗ್ಯಾರೇಜಿನಲ್ಲಿ ದುಡಿದರು. ಪ್ರತಿ ಚಳಿಗಾಲದ ಮೊದಲಿಗೆ ಬೂ ನಾಸಿರ್‌ನ ಮನೆಯಿಂದ ಕರೆ ಬರುತ್ತಿತ್ತು, ಅವರು ಹೋಗಿ ಕಮಾರೋವನ್ನು ಟ್ಯೂನ್ ಮಾಡಿ ಬರುತ್ತಿದ್ದರು. ಎಲ್ಲಿಗೆ ಹೋಗಿದ್ದರೆಂದು ಹೇಳುತ್ತಿರಲಿಲ್ಲ, ಅಂಗಿಯ ವಾಸನೆಯಿಂದ ಉಮ್ಮನಿಗೆ ತಿಳಿಯುತ್ತಿತ್ತು. ಆ ದಿನ ಅವಳು ಪಲ್ಯಕ್ಕೆ ಉಪ್ಪು ಹಾಕಲು ಮರೆಯುವಳು, ಯಾರೂ ಅದನ್ನು ಎತ್ತಿ ಆಡುತ್ತಿರಲಿಲ್ಲ. ಉಪ್ಪ ಬೇರೆ ಯಾವ ಕಾರನ್ನೂ ಕೊಳ್ಳಲಿಲ್ಲ, ಬಸ್ಸಿನಲ್ಲೇ ಓಡಾಡಿದರು. ಖುಬ್ಬೂಸ್ ಚೂರು ಮಾಡುವುದನ್ನು ನಿಲ್ಲಿಸಿದರು, ನಾವೂ ದೊಡ್ಡವರಾಗಿದ್ದೆವು. ಅವರ ಕೊನೆಯ ಕಾಯಿಲೆಯಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ, ಎಷ್ಟೋ ಜನರ ಹೆಸರು ಕರೆದರು, ಯಾವುದೋ ಲಾರಿಯ ಗೇರ್‌ಬಾಕ್ಸಿನ ಬಗ್ಗೆ ಕೂಡ ಮಾತಾಡಿದರು. ಈ ಕಾರಿನ ಹೆಸರು ಬರಲಿಲ್ಲ. ನಾಲ್ಕೈದು ವರ್ಷಗಳ ಹಿಂದೆ ರಫೀಕ್ ಹಳೇ ಗಾಡಿಗಳ ಒಂದು ಮೇಳದಲ್ಲಿ ಅದನ್ನು ಕಂಡನಂತೆ. ನಾಸಿರ್ ಅದನ್ನು ಯಾರಿಗೋ ಮಾರಿ, ಅವರು ಇನ್ಯಾರಿಗೋ ಮಾರಿ, ಈಗ ಕಪ್ಪು ಬಣ್ಣ, ಹೊಸ ಇಂಜಿನ್, ಹೊಸ ಚರ್ಮದ ಸೀಟು. ಉಪ್ಪನ ಕೈ ಆಡಿದ ಯಾವ ಭಾಗವೂ ಅದರಲ್ಲಿ ಇಲ್ಲ. ಅದೇ ಗಾಡಿ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಐ ಜಸ್ಟ್ ನೋ,” ಎಂದ.

ಕಳೆದ ರಂಜಾನಿನಲ್ಲಿ, ಇಫ್ತಾರ್ ಮುಗಿದ ಮೇಲೆ, ಉಮ್ಮನನ್ನು ಕೊನೆಗೂ ಕೇಳಿದೆ. ಲೀನಾ ಆಂಟಿ ಹೇಳಿದ್ದನ್ನು ನೀನು ಯಾವತ್ತಾದರೂ ಉಪ್ಪನಿಗೆ ಹೇಳಿದ್ದೆಯಾ? ಬೂ ನಾಸಿರ್ ಬರುವ ಮೊದಲು? ಅವಳು ಪಾತ್ರೆ ಒರೆಸುತ್ತಿದ್ದಳು, ನಿಲ್ಲಿಸಲಿಲ್ಲ.

“ನೀನು ಹೇಳಿದ್ದಿಯೋ ಅಂತ ನಾನು ಎಣಿಸಿದ್ದೆ,” ಎಂದಳು.

ನಾನು ಹೇಳಿರಲಿಲ್ಲ. ಅವಳು ಹೇಳಿರಲಿಲ್ಲವೋ, ಹೇಳಿ ಮರೆತಳೋ, ಮರೆತ ಹಾಗೆ ಮಾಡಿದಳೋ, ಅವಳ ಮುಖದಲ್ಲಿ ಕಾಣಲಿಲ್ಲ. ಗ್ಯಾರೇಜಿನಲ್ಲಿ ಬೇರೆ ಯಾರಾದರೂ ಹೇಳಿರಬಹುದು. ಯಾರೂ ಹೇಳದೆಯೂ ಇರಬಹುದು. ಆ ಮಧ್ಯಾಹ್ನ ಕೀಯನ್ನು ಕೊಡುವಾಗ ಉಪ್ಪ ಅದು ಮೊದಲಿನಿಂದಲೂ ತಮ್ಮದಲ್ಲವೆಂದು ತಿಳಿದು ಕೊಟ್ಟರೋ, ತಮ್ಮದೆಂದು ನಂಬಿಯೇ ಕೊಟ್ಟರೋ, ನನಗೆ ಗೊತ್ತಿಲ್ಲ.